ನಮ್ಮ ಓಣಿಯ ನಂಬರು ಕಳುವಾದದ್ದು

ಮೂವತ್ತೆರಡು ವರ್ಷದಿಂದ ಸವಣೂರಿನಲ್ಲಿ ಟೇಲರ್ ಅಂಗಡಿ ಇಟ್ಟುಕೊಂಡು ಕೂತಿದ್ದೇನೆ. ಈ ಧಂದೆಯಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ, ದಿನಕ್ಕೊಂದಾದರೂ ನಡೆದೇ ನಡೆಯುತ್ತದೆ. ಮದುಮಗನ ಪ್ಯಾಂಟು ಮಾವನ ಮನೆಗೆ ಹೋಗುತ್ತದೆ, ಮಾವನದು ಮದುಮಗನಿಗೆ ಬರುತ್ತದೆ, ಇಬ್ಬರೂ ಅಕ್ಷತೆಯ ಹೊತ್ತಿಗೆ ನನ್ನನ್ನು ಹುಡುಕುತ್ತಾರೆ. ಅವೆಲ್ಲ ನಕ್ಕು ಮರೆಯುವಂಥವು. ಹೋದ ವರ್ಷ ಯಾವನೋ ಒಬ್ಬ ನನ್ನ ಫೋನ್ ನಂಬರು ಎಗರಿಸಿ, ಒಂಬತ್ತು ದಿನ ನಾನೇ ಆಗಿ ಕುಳಿತಿದ್ದ. ಆಗ ನಡೆದದ್ದನ್ನು ಹೇಳಿದರೆ ಕೇಳಿದವರು ಬಿದ್ದು ಬಿದ್ದು ನಗುತ್ತಾರೆ. ಅವರ ಜೊತೆ ನಾನೂ ನಗುತ್ತೇನೆ. ನಕ್ಕ ಮೇಲೂ ಹೊಟ್ಟೆಯೊಳಗಿನ ಉರಿ ಮಾತ್ರ ಆರುವುದಿಲ್ಲ.

೧. ಹದಿನಾಲ್ಕು ಮನೆಗೆ ಒಂದೇ ನಂಬರು

ಮೊದಲು ನಮ್ಮ ಓಣಿಯ ಪದ್ಧತಿ ಹೇಳಬೇಕು. ಓಣಿಯಲ್ಲಿ ಹದಿನಾಲ್ಕು ಮನೆ. ಮೊಟ್ಟಮೊದಲು ಮೊಬೈಲ್ ತಂದವನು ನಾನು. ಆಗ ಯಾರು ಎಲ್ಲಿ ಅರ್ಜಿ ತುಂಬಿದರೂ ಫೋನ್ ನಂಬರಿನ ಜಾಗದಲ್ಲಿ ನನ್ನದನ್ನೇ ಬರೆಸಿದರು. ಗ್ಯಾಸಿಗೆ ನನ್ನದು, ರೇಷನ್ ಕಾರ್ಡಿಗೆ ನನ್ನದು, ಆಧಾರಿಗೆ ನನ್ನದು, ಬ್ಯಾಂಕಿಗೂ ನನ್ನದು. ಮುಂದೆ ಎಲ್ಲರ ಕೈಗೂ ಫೋನು ಬಂದವು. ಆದರೆ ಅವರು ಆಫರ್ ಕಂಡಲ್ಲಿ ಸಿಮ್ ಬದಲಿಸುವ ಮಂದಿ. "ನಿಮ್ಮ ನಂಬರ್ ಖಾಯಂ ಐತ್ರಿ, ಅದ ಇರ್ಲಿ" ಎಂದು ಬಿಟ್ಟರು. ನನಗೂ ಒಳಗೊಳಗೆ ಹೆಮ್ಮೆಯೇ. ಊರ ಉಸಾಬರಿ ಮೈಮೇಲೆ ಹಾಕಿಕೊಳ್ಳುವುದು ನಮ್ಮ ಮನೆತನಕ್ಕೆ ಅಂಟಿದ ರೋಗ.

ಹೀಗಾಗಿ ಓಣಿಯ ಒಟಿಪಿಗಳೆಲ್ಲ ನನ್ನ ಅಂಗಡಿಗೆ ಬಂದು ಬೀಳುತ್ತಿದ್ದವು. ಮಷಿನ್ ತುಳಿಯುತ್ತ ಕುಳಿತವನು ಪ್ರತಿ ಸಲ ಎದ್ದು ಮನೆ ಮನೆಗೆ ಹೋಗಿ ಹೇಳಲಾಗುತ್ತದೆಯೇ? ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅಂಗಡಿಯ ಬಾಗಿಲ ಮೇಲೆ ಬರೆದಿಡುತ್ತಿದ್ದೆ. ನಾಲ್ಕಂಕಿ ಇದ್ದರೆ ಗ್ಯಾಸಿನದು, ಆರಂಕಿ ಇದ್ದರೆ ಸರ್ಕಾರದ್ದು ಇಲ್ಲವೇ ಬ್ಯಾಂಕಿನದು ಎಂದು ಓಣಿಗೆಲ್ಲ ಗೊತ್ತು. ಸಿಲಿಂಡರ್ ತರುವವನಂತೂ ಗಿರಾಕಿಯ ಮನೆಗೆ ಹೋಗುವ ಮೊದಲೇ ನನ್ನ ಬಾಗಿಲು ಓದಿಕೊಂಡು ಹೋಗುತ್ತಿದ್ದ.

ಕೊನೆಯ ಮನೆಯಲ್ಲಿ ಒಬ್ಬ ಆಯಿ, ಓಣಿಗೆಲ್ಲ ಅಜ್ಜಿ. ಎಪ್ಪತ್ತೆಂಟು ವರ್ಷ. ಮಗಳು ಮತ್ತು ಅಳಿಯನ ಜೊತೆ ಇರುತ್ತಾಳೆ. ಆದರೆ ಬಿಪಿ ಗುಳಿಗೆ, ಎಲಿ ಅಡಕಿ ತನ್ನ ಪಿಂಚಣಿಯಲ್ಲೇ ಆಗಬೇಕೆಂಬ ಹಟ. "ಅಳಿಯನ ಮುಂದ ಕೈ ಒಡ್ಡೂದಕ್ಕಿಂತ ಗುಳಗಿ ಬಿಡೂದು ಚೊಲೋ" ಎನ್ನುತ್ತಾಳೆ, ಹೇಳಿದಂತೆ ಮಾಡುವ ಹೆಂಗಸೂ ಹೌದು. ಆ ತಿಂಗಳ ಕೊನೆಯೊಳಗೆ ಆಧಾರ್ ಖಾತ್ರಿ ಮಾಡಿಸದಿದ್ದರೆ ಅವಳ ಪಿಂಚಣಿ ಬಂದ್ ಎಂದು ಹೇಳಿ ಕಳಿಸಿದ್ದರು. ಸವೆದ ಹೆಬ್ಬೆಟ್ಟನ್ನು ಮಷಿನ್ ಹಿಡಿಯುವುದಿಲ್ಲ, ಅವಳಿಗೆ ಒಟಿಪಿಯೇ ಗತಿ. ಅದು ಬರುವುದು ನನ್ನ ಫೋನಿಗೆ.

ಓದಲು ಬಾರದಿದ್ದರೂ ಆಯಿ ದಿನಾ ಬಂದು ಬಾಗಿಲು ದಿಟ್ಟಿಸಿ ನೋಡುವಾಕೆ.

"ತಮ್ಮಾ, ನಂದು ಇನ್ನೂ ಬಂದಿಲ್ಲೇನು?"

"ಇನ್ನೂ ಸೇವಾ ಕೇಂದ್ರಕ್ಕ ಹೋಗೇ ಇಲ್ಲಲ್ಲ ಆಯಿ, ಹೆಂಗ ಬರ್ತೈತಿ?"

"ಅಲ್ಲೆ ನಾಕು ಬರದಿಟ್ಟೀಯಲ್ಲ, ಅದರಾಗ ಒಂದು ಕೊಡು. ಎಲ್ಲಾ ಸರ್ಕಾರದ್ದ ಹೌದಲ್ಲೋ?"

೨. ಗದರಿಸಿ ಬರೆಸಿದ್ದು

ಶಾಲೆಯ ಯೂನಿಫಾರ್ಮಿನ ಹಂಗಾಮು. ತಲೆ ಎತ್ತಲು ಪುರಸತ್ತಿಲ್ಲ. ಒಂದು ಮಧ್ಯಾಹ್ನ ಆರಂಕಿಯ ಮೆಸೇಜು ಬಂತು. ಸುತ್ತಲೂ ಇಂಗ್ಲಿಷ್. ಇಂಗ್ಲಿಷಿನದನ್ನು ಓದುವ ಪದ್ಧತಿ ನನಗಿಲ್ಲ, ಅಂಕಿ ನೋಡಿ ಬರೆದಿಡುವುದಷ್ಟೇ. ಬಾಗಿಲ ಮೇಲೆ ಬರೆದು ಬಂದು ಕುಳಿತೆ. ಐದು ನಿಮಿಷಕ್ಕೆ ಫೋನು.

"ಕಾಕಾ, ನಿಮ್ಮ ಫೋನಿಗೆ ನಂದೊಂದು ಒಟಿಪಿ ಬಂದೈತಿ ನೋಡ್ರಿ."

ಓಣಿಯಲ್ಲಿ ನನ್ನನ್ನು ಕಾಕಾ ಎನ್ನುವವರು ಮೂವತ್ತು ಮಂದಿ ಇದ್ದಾರೆ. ಯಾರಪ್ಪಾ ನೀನು ಎಂದು ನಾನು ಯಾವತ್ತೂ ಕೇಳಿದವನಲ್ಲ.

"ಬಂದೈತಿ. ಲಗೂನ ಬರ್ಕೋ, ಕಾಜಾ ಹೊಲಿಯೂದು ಬಿಟ್ಟು ಎದ್ದೇನಿ" ಎಂದು ಅಂಕಿ ಹೇಳಿದೆ. ಅವನು ಒಂದನ್ನು ತಪ್ಪು ಬರೆದುಕೊಂಡ. "ಸಾಲಿಗೆ ಹೋಗೀಯೋ ಇಲ್ಲೋ? ಸರಿಯಾಗಿ ಬರ್ಕೊಳ್ಳೋ" ಎಂದು ಗದರಿಸಿ ಮತ್ತೊಮ್ಮೆ ಹೇಳಿದೆ. "ಭಾಳ ಉಪಕಾರ ಆತ್ರಿ ಕಾಕಾ" ಎಂದ. ನಮ್ಮ ಓಣಿಯಲ್ಲಿ ಒಟಿಪಿಗೆ ಉಪಕಾರ ಹೇಳಿದವರು ಇಲ್ಲಿಯವರೆಗೆ ಒಬ್ಬರೂ ಇಲ್ಲ. ಆಗಲೇ ಸಂಶಯ ಬರಬೇಕಿತ್ತು.

ಅರ್ಧ ತಾಸಿನಲ್ಲಿ ಫೋನಿನ ನೆಟ್‌ವರ್ಕ್ ಹೋಯಿತು. ರೀಚಾರ್ಜ್ ಮುಗಿದಿರಬೇಕು ಎಂದಳು ನಮ್ಮ ಮನೆಯಾಕಿ. ಟವರ್ ಕೆಟ್ಟಿದೆ ಎಂದರು ಎದುರು ಮನೆಯವರು. ಮಾಳಿಗೆ ಹತ್ತಿ ನೋಡ್ರಿ ಎಂದರು, ಹತ್ತಿದೆ. ಸಿಮ್ ಬಿಚ್ಚಿ ಒರೆಸ್ರಿ ಎಂದರು, ಯೂನಿಫಾರ್ಮಿನ ಹೊಸ ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿದೆ. ಹೀಗೆ ಎರಡು ದಿನ ಹೋದವು. ಮೂರನೇ ದಿನ ಬ್ಯಾಂಕಿಗೆ ಹೋದರೆ ಖಾತೆ ಬರಿದಾಗಿತ್ತು.

ಅಲ್ಲಿ ಒಬ್ಬರು ಮೆಸೇಜು ಓದಿ ಬಿಡಿಸಿ ಹೇಳಿದರು. ನನ್ನ ನಂಬರಿಗೆ ಬೇರೆ ಸಿಮ್ ಕೊಡಬಹುದೇ ಎಂದು ನನ್ನ ಒಪ್ಪಿಗೆ ಕೇಳಿದ ಅಂಕಿ ಅದು. ಹೊಸ ಸಿಮ್ ಕಳ್ಳನ ಫೋನಿನಲ್ಲಿ ಕುಳಿತೊಡನೆ ನನ್ನದು ಸತ್ತಿತು. ಅಲ್ಲಿಂದ ಮುಂದೆ ಬ್ಯಾಂಕಿನ ಒಟಿಪಿ, ವಾಟ್ಸಾಪಿನ ಒಟಿಪಿ, ಹದಿನಾಲ್ಕು ಮನೆಯ ಒಟಿಪಿ, ಎಲ್ಲವೂ ಅವನ ಕೈಗೆ. ನನ್ನ ನಂಬರು ಬರೆಸಿದ್ದ ಓಣಿಯವರ ಖಾತೆಗಳನ್ನೂ ಅಲ್ಲಿಗೇ ತಡೆಹಿಡಿಸಿ, ಕಾಲೆಳೆಯುತ್ತ ಮನೆಗೆ ಬಂದು ಎಲ್ಲ ಹೇಳಿದೆ.

ಮನೆಯಾಕಿ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು. "ಕಳ್ಳಗ ಬಾಗಲಾ ತಗದೋರನ್ನ ಕಂಡೇನಿ. ಸಾಲಿಗೆ ಹೋಗೀಯೋ ಇಲ್ಲೋ ಅಂತ ಕಳ್ಳನ್ನ ಬೈದು ಬರಸಿದೋರು ನೀವೊಬ್ರ."

೩. ನನಗಿಂತ ಒಳ್ಳೆಯ ನಾನು

ಅಷ್ಟರಲ್ಲಿ ಕಳ್ಳ ನನ್ನ ವಾಟ್ಸಾಪಿನಲ್ಲಿ ಸಂಸಾರ ಹೂಡಿದ್ದ. ಮನೆತನದ ಗ್ರೂಪಿನಲ್ಲಿದ್ದವರಿಗೆಲ್ಲ ನನ್ನ ಹೆಸರಿನಲ್ಲಿ, 'ದವಾಖಾನೆಯಲ್ಲಿದ್ದೇನೆ, ಅರ್ಜೆಂಟ್ ಐದು ಸಾವಿರ ಬೇಕು' ಎಂದು ಬರೆದಿದ್ದ.

ನನ್ನ ತಂಗಿ ಶಿಗ್ಗಾವಿಯಲ್ಲಿ ರೊಟ್ಟಿ ಮಾಡಿ ಮಾರುತ್ತಾಳೆ. ಮೆಸೇಜು ನೋಡಿದ್ದೇ ತಡ, ಇದ್ದದ್ದನ್ನೆಲ್ಲ ಕಳಿಸಿ ಬಸ್ಸು ಹತ್ತಿ ಅಳುತ್ತ ಬಂದಳು. ನಾನು ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆ. "ಅಯ್ಯ ನಿನ್ನ, ಗಟ್ಟಿಮುಟ್ಟಾಗಿ ಕುಂತೀಯಲ್ಲೋ ಅಣ್ಣಾ!" ಎಂದು ಬೈದವಳು, ಬೈದ ಮೇಲೆ ಇನ್ನೂ ಜೋರಾಗಿ ಅತ್ತಳು. ಹಂಚಿನ ಬಿಸಿಗೆ ಅವಳ ಬೆರಳ ತುದಿಗಳೆಲ್ಲ ಕಪ್ಪಾಗಿವೆ. ಆ ಬೆರಳು ನೋಡಿ ನನ್ನ ಸಿಟ್ಟು ನೆತ್ತಿಗೇರಿತು. ಶ್ರೀಮಂತರನ್ನು ದೋಚಿದರೆ ಒಂದು ಮಾತು, ರೊಟ್ಟಿ ತಟ್ಟುವವಳ ಗಂಟಿಗೂ ಕೈ ಹಾಕಿದನಲ್ಲ. ಅವನ ಕೈಗೆ ಹುಳ ಬೀಳಲಿ ಎಂದು ನಡುಓಣಿಯಲ್ಲಿ ನಿಂತು ಶಪಿಸಿದೆ. ಇವತ್ತಿಗೂ ಆ ಶಾಪ ಹಿಂತೆಗೆದುಕೊಂಡಿಲ್ಲ.

ಮರುದಿನ ಬೀಗರನ್ನು ಎಚ್ಚರಿಸಲು ಹಾನಗಲ್ಲಿಗೆ ಓಡಿದೆ. ಮಗಳನ್ನು ಕೊಟ್ಟ ಮನೆ, ಅಲ್ಲಿ ಮಾನ ಹೋದರೆ ಮುಗಿಯಿತು. ಬೀಗರು ಆರಾಮಾಗಿ ಕಟ್ಟೆಯ ಮೇಲೆ ಕುಳಿತಿದ್ದರು.

"ನಾವೇನು ರೊಕ್ಕ ಕಳಸಿಲ್ರಿ. ಅದು ನೀವಲ್ಲ ಅಂತ ಮೊದಲ ಸಾಲಿನ್ಯಾಗ ಗೊತ್ತಾತು."

"ಹೆಂಗ ಗೊತ್ತಾತ್ರಿ?"

"'ನಮಸ್ಕಾರ, ಹೇಗಿದ್ದೀರಿ, ಮನೆಯಲ್ಲಿ ಎಲ್ಲರೂ ಆರಾಮವೇ' ಅಂತ ಬರದಿದ್ದ. ಆರು ವರ್ಷ ಆತು ಬೀಗತನ ಆಗಿ. ಒಮ್ಮೆ ಆದ್ರೂ ನೀವು ಹಂಗ ಕೇಳೀರೇನು?"

ನಾನು ತಲೆ ಕೆರೆದುಕೊಂಡೆ. ಒಳಗಿನಿಂದ ಚಹಾ ತಂದ ಬೀಗಿತಿ ಅಷ್ಟಕ್ಕೇ ಬಿಡಲಿಲ್ಲ. "ದಿನಾ ಮುಂಜಾನಿ ಗುಲಾಬಿ ಹೂವಿನ ಫೋಟೋನೂ ಕಳಸ್ತಿದ್ದ ನೋಡ್ರಿ. ಏನರ ಅನ್ರಿ, ಈ ನಾಕು ದಿನ ಬೀಗತನ ಭಾಳ ಚಂದ ನಡದಿತ್ತು."

೪. ನನ್ನ ನಂಬರಿಗೆ ನಾನು ಹಚ್ಚಿದ ಫೋನು

ಸಿಮ್ ಕಂಪನಿಯ ಆಫೀಸಿಗೆ ಹೋದೆ. ಕೌಂಟರಿನ ಹೆಣ್ಣುಮಗಳು ಕಂಪ್ಯೂಟರ್ ನೋಡಿ ಹೇಳಿದಳು.

"ನಿಮ್ಮ ನಂಬರ್ ಚಾಲೂನ ಐತಲ್ರಿ."

"ಚಾಲೂ ಐತಿ ತಂಗಿ, ಕಳ್ಳನ ಕಡೆ ಐತಿ. ಅದನ್ನ ಬಂದ್ ಮಾಡು."

"ಬಂದ್ ಮಾಡಾಕ ಆ ನಂಬರಿಗೆ ಒಂದು ಒಟಿಪಿ ಬರ್ತೈತ್ರಿ. ಅದನ್ನ ನೀವು ಹೇಳ್ಬೇಕು."

"ಅದು ಅವನಿಗೆ ಹೋಗ್ತೈತಲ್ಲವಾ!"

"ಹಂಗಾರ ಅವರನ್ನ ಕೇಳಿ ಹೇಳ್ರಿ."

ಮನೆ ದೋಚಿಸಿಕೊಂಡವನು ಕಳ್ಳನ ಸಹಿ ತರಬೇಕಂತೆ. ಹೆಬ್ಬೆಟ್ಟು ಒತ್ತಿ ನೋಡೋಣ ಎಂದಳು. ಮೂರು ಸಲ ಒತ್ತಿದೆ, ಮೂರು ಸಲವೂ ಮಷಿನ್ ಒಲ್ಲೆ ಎಂದಿತು. ಮೂವತ್ತೆರಡು ವರ್ಷ ಸೂಜಿ ಚುಚ್ಚಿಸಿಕೊಂಡ ಬೆರಳು ಅದು, ಅದರಲ್ಲಿ ಗೆರೆ ಎಲ್ಲಿಂದ ಬರಬೇಕು? ಕಳ್ಳ ಒಂದು ಕಾಗದ ತೋರಿಸಿದರೆ ನಡೆಯುತ್ತದೆ, ದುಡಿದವನ ಕೈ ಮಾತ್ರ ಸುಳ್ಳು!

ತಡೆಯಲಾರದೆ ಅವಳ ಮೇಜಿನ ಮೇಲಿದ್ದ ಫೋನಿನಿಂದ ನನ್ನ ನಂಬರಿಗೇ ಹಚ್ಚಿದೆ. ಎತ್ತಿದ!

"ಹಲೋ, ಯಾರು ಮಾತಾಡೋದು?"

"ನೀ ಯಾರಂತ ಹೇಳ್ಕೊಂಡು ತಿರಗಾಕತ್ತೀಯಲ್ಲೋ ಮಗನ, ಅಂವಾ ಮಾತಾಡಾಕತ್ತೇನಿ!"

"ಯಾರು ಬೇಕಿತ್ತು ಸರ್?"

ನನ್ನ ಹೆಸರು, ನಮ್ಮಪ್ಪನ ಹೆಸರು, ಅಡ್ಡಹೆಸರು, ಊರು ಎಲ್ಲ ಹೇಳಿ ನಾಲ್ಕು ಬೈಗಳನ್ನೂ ಸೇರಿಸಿದೆ. ಅವನು ಬಹಳ ಶಾಂತವಾಗಿ "ಸಾರಿ ಸರ್, ರಾಂಗ್ ನಂಬರ್" ಎಂದು ಇಟ್ಟುಬಿಟ್ಟ. ಇಪ್ಪತ್ತು ವರ್ಷ ನನ್ನ ಕಿಸೆಯಲ್ಲಿದ್ದ ನಂಬರು ನನಗೇ ರಾಂಗ್ ನಂಬರಾಯಿತು. ಫೋನು ಇಟ್ಟು ಅಲ್ಲೇ ಕುರ್ಚಿಯ ಮೇಲೆ ಕುಳಿತೆ.

ಹೆಣ್ಣುಮಗಳು ಪೆನ್ನು ಹಿಡಿದು ಕಾಯುತ್ತಿದ್ದಳು. "ಏನಂದ್ರಿ ಅವರು? ಒಟಿಪಿ ಕೊಡ್ತಾರಂತೇನು?"

೫. ಹಿರೇಕೆರೂರಿನಲ್ಲಿ ತೆಗೆದ ಫೋಟೋ

ಕೊನೆಗೆ ಅವಳಿಗೇ ಕನಿಕರ ಬಂತು. ಪೊಲೀಸರಿಂದ ಪತ್ರ ತಂದರೆ ಕೆಲಸ ಆಗುತ್ತದೆಂದೂ, ಹೊಸ ಸಿಮ್ ಕೊಟ್ಟದ್ದು ಹಿರೇಕೆರೂರಿನ ಒಂದು ಅಂಗಡಿಯವರೆಂದೂ ಹೇಳಿದಳು. ಪೊಲೀಸರ ಬಳಿ ಬರಿಗೈಯಲ್ಲಿ ಹೋಗಬಾರದು, ಏನಾದರೂ ಪುರಾವೆ ಇರಲಿ ಎಂದು ಮೊದಲು ಹಿರೇಕೆರೂರಿನ ಬಸ್ಸು ಹಿಡಿದೆ.

ಅಂಗಡಿಯವನು ಕಾಗದ ತೆಗೆದು ತೋರಿಸಿದ. ನನ್ನ ಆಧಾರ್ ಕಾರ್ಡಿನ ಝೆರಾಕ್ಸು. ಹೆಸರು ನನ್ನದು, ವಿಳಾಸ ನನ್ನದು, ಹುಟ್ಟಿದ ತಾರೀಕು ನನ್ನದು. ಆದರೆ ಸಿಮ್ ಕೊಡುವಾಗ ತೆಗೆದ ಫೋಟೋದಲ್ಲಿ ಇಪ್ಪತ್ತೈದರ ಹರೇದವನೊಬ್ಬ ಕಿವಿಯಲ್ಲಿ ರಿಂಗು ಹಾಕಿಕೊಂಡು ನಗುತ್ತಿದ್ದ.

"ಕಾಗದದಾಗ ಐವತ್ತೆಂಟು ವರ್ಷ ಅಂತೈತಿ. ಈ ಮಾರಿ ನೋಡಿ ನಿನಗ ಸಂಶೆ ಬರ್ಲಿಲ್ಲೇನೋ?" ಎಂದು ಕೂಗಾಡಿದೆ.

"ಬಂತ್ರಿ" ಎಂದ ಅವನು ತಣ್ಣಗೆ. "ಆದ್ರ ಕೆಲವರಿಗೆ ವಯಸ್ಸ ಕಾಣಂಗಿಲ್ಲ ನೋಡ್ರಿ. ಮೈ ಚೊಲೋ ಇಟ್ಕೊಂಡೋರನ್ನ ಹೆಂಗ ಕೇಳ್ಲಿ?"

೬. ಖಾರದ ಪೊಟ್ಟಣ

ನನ್ನ ಆಧಾರಿನ ಝೆರಾಕ್ಸು ಹಿರೇಕೆರೂರಿಗೆ ಹೇಗೆ ಹೋಯಿತು? ದಾರಿಯುದ್ದಕ್ಕೂ ಅದೇ ಯೋಚನೆ. ನಾವು ಝೆರಾಕ್ಸು ಎಲ್ಲಿ ಕೊಟ್ಟಿಲ್ಲ ಹೇಳಿ. ಸೊಸೈಟಿಗೆ ಕೊಟ್ಟಿದ್ದೇವೆ, ಗ್ಯಾಸಿಗೆ ಕೊಟ್ಟಿದ್ದೇವೆ, ಲಾಡ್ಜಿನಲ್ಲಿ ಒಂದು ರಾತ್ರಿ ಮಲಗಲೂ ಕೊಟ್ಟಿದ್ದೇವೆ. ಎಲ್ಲರೂ ಎರಡೆರಡು ಪ್ರತಿ ಕೇಳುತ್ತಾರೆ, ನಾವು ನಾಳೆಗೂ ಇರಲಿ ಎಂದು ಮೂರು ಕೊಟ್ಟು ಬರುತ್ತೇವೆ.

ಸವಣೂರಿನಲ್ಲಿ ಇಳಿದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಚೂಡಾ, ಶೇವು ಮಾರುವ ಖಾರದ ಅಂಗಡಿಯಲ್ಲಿ ಒಂದು ಪೊಟ್ಟಣ ಖಾರ ತೆಗೆದುಕೊಂಡು ನಿಂತಲ್ಲೇ ತಿಂದೆ. ಖಾರ ಮುಗಿಯುತ್ತ ಬಂದಂತೆ ಕಾಗದದ ತಳದಿಂದ ಎಣ್ಣೆಯಲ್ಲಿ ತೊಯ್ದ ಮುಖವೊಂದು ನನ್ನನ್ನೇ ನೋಡುತ್ತಿತ್ತು. ಯಾರೋ ಒಬ್ಬ ಹೆಣ್ಣುಮಗಳ ಆಧಾರ್ ಕಾರ್ಡು. ಹೆಸರು, ಗಂಡನ ಹೆಸರು, ಹನ್ನೆರಡಂಕಿ, ಎಲ್ಲ ಸ್ವಚ್ಛ ಕಾಣುತ್ತಿತ್ತು.

"ಏನ್ರಿ ಇದು?"

"ರದ್ದಿ ಅಂಗಡ್ಯಾಗಿಂದು ತೂಕದ ಮ್ಯಾಲ ತರ್ತೇವ್ರಿ. ಒಂದು ಕಡೆ ಖಾಲಿ ಇರ್ತೈತಿ, ಪ್ಯಾಪರ್ ದಪ್ಪ. ಎಣ್ಣಿ ಸೋರಂಗಿಲ್ಲ."

ಸರ್ಕಾರ ಗುಟ್ಟಾಗಿಡಿ ಎನ್ನುವುದು ಇಲ್ಲಿ ಖಾರದ ಜೊತೆ ಪುಕ್ಕಟೆ! ಇದರಲ್ಲಿ ನನ್ನದೂ ಇತ್ತೇನು ಎಂದು ಕೂಗಿದೆ. ಖಾರದವನು ನನ್ನ ಮುಖವನ್ನು ಎಡಕ್ಕೆ ಬಲಕ್ಕೆ ವಾಲಿ ನೋಡಿದ. ಕಾಗದದ ಕಟ್ಟು ತಿರುವಿಹಾಕಿದ. ಆಮೇಲೆ ಗಿರಾಕಿ ತಪ್ಪಿದ ವ್ಯಾಪಾರಿಯ ಹಾಗೆ ಬೇಸರದಿಂದ ಹೇಳಿದ.

"ಇತ್ತು ನೋಡ್ರಿ. ಮಿರ್ಚಿ ಕಟ್ಟಾಕ ಹೋತು."

೭. ಸಾಹೇಬರ ಪಾಠ

ಪೊಲೀಸ್ ಠಾಣೆಗೆ ಹೊರಟಾಗ ಆಯಿ ನಾನೂ ಬರುತ್ತೇನೆಂದು ಹಟ ಹಿಡಿದಳು. ತಿಂಗಳು ಮುಗಿಯಲು ನಾಲ್ಕೇ ದಿನ ಉಳಿದಿತ್ತು, ಪಿಂಚಣಿ ನಿಂತರೆ ಏನು ಗತಿ ಎಂದು ಗುಳಿಗೆ ಆಗಲೇ ಅರ್ಧ ಅರ್ಧ ಮುರಿದು ನುಂಗುತ್ತಿದ್ದಳು. ನಂಬರು ನನ್ನದು ಹೋದರೆ ನನ್ನ ಹಣೆಬರಹ, ಅವಳ ಗುಳಿಗೆ ನನ್ನ ಬಾಯಿಂದ ಹೋಯಿತಲ್ಲ.

ಸಾಹೇಬರು ಎಲ್ಲ ಬರೆದುಕೊಂಡರು. "ನಿಮ್ಮ ಒಟಿಪಿ ಬ್ಯಾರೆ ಯಾರಿಗೆ ಗೊತ್ತಿರ್ತಿದ್ವು?"

"ಓಣ್ಯಾಗ ಹಾದು ಹೋಗೋರಿಗೆಲ್ಲಾ ಗೊತ್ತಿರ್ತಿದ್ವು ಸಾಹೇಬ್ರ. ಬಾಗಲದ ಮ್ಯಾಲ ಬರೀತಿದ್ದೆ."

ಸಾಹೇಬರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಆಯಿಯ ಕಡೆ ತಿರುಗಿದರು. ಇವನಿಗೆ ಹೇಳಿ ಉಪಯೋಗವಿಲ್ಲ ಎಂದುಕೊಂಡಿರಬೇಕು.

"ನೋಡ್ರಿ ಆಯಿ, ಒಟಿಪಿ ಅಂದ್ರ ತಿಜೋರಿ ಕೀಲಿಕೈ ಇದ್ದಂಗ. ಬ್ಯಾಂಕಿನ್ಯಾವ್ರು ಅಂತ ಹೇಳಿ ಕೇಳ್ತಾರ, ಕೊಡಬ್ಯಾಡ್ರಿ. ಸರ್ಕಾರದವ್ರು ಅಂತಾರ, ಕೊಡಬ್ಯಾಡ್ರಿ. ನಿಮ್ಮ ಪಿಂಚಣಿ ಬಂದ್ ಆಕ್ಕೈತಿ ಅಂತ ಹೆದರಸ್ತಾರ, ಆಗಂತೂ ಕೊಡಲೇ ಬ್ಯಾಡ್ರಿ. ಕೊನೀಗೆ ನಾನ ಬಂದು ಕೇಳಿದ್ರೂ ಕೊಡಬ್ಯಾಡ್ರಿ."

ಆಯಿ ಪುರಾಣ ಕೇಳಿದಂತೆ ಕೇಳಿದಳು. ಹೊರಗೆ ಬಂದು ಮೆಟ್ಟಿಲಿಳಿಯುತ್ತ ನನ್ನ ಕೈ ಹಿಡಿದು ಹೇಳಿದಳು. "ಚೊಲೋ ಮನಶ್ಯಾ ತಮ್ಮಾ. ತನ್ನನ್ನ ನಂಬಬ್ಯಾಡ ಅಂತ ತಾನ ಹೇಳೂ ಪೊಲೀಸನ್ನ ಈ ಜಲ್ಮದಾಗ ಇದ ಮೊದಲ ನೋಡಿದೆ."

೮. ಕೊಡದೆ ಉಳಿಸಿದ್ದು

ಪೊಲೀಸರ ಪತ್ರ ತೋರಿಸಿದ ಮೇಲೆ ಒಂಬತ್ತನೇ ದಿನ ನನ್ನ ನಂಬರು ನನಗೆ ಬಂತು. ಹೋದ ರೊಕ್ಕ ಬರಲಿಲ್ಲ, ತಂಗಿಯದೂ ಬರಲಿಲ್ಲ. ಅದರ ಅರ್ಜಿ ಇನ್ನೂ ಮೇಜಿಂದ ಮೇಜಿಗೆ ತಿರುಗುತ್ತಿದೆ. ಇರಲಿ, ಆಯಿಯ ಪಿಂಚಣಿಯಾದರೂ ಉಳಿಯಿತು ಎಂದುಕೊಂಡೆ. ಅವತ್ತೇ ತಿಂಗಳ ಕೊನೆಯ ದಿನ. ಅಂಗಡಿ ಮುಚ್ಚಿ, ಆಯಿಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಸೇವಾ ಕೇಂದ್ರಕ್ಕೆ ಓಡಿದೆ.

ಪಾಳಿಯಲ್ಲಿ ಎರಡು ತಾಸು ನಿಂತೆವು. "ನನ್ನ ನಂಬರು ಬರೂದೈತಲ್ಲ, ಫೋನ್ ನನ್ನ ಕೈಯಾಗ ಕೊಡು" ಎಂದು ಆಯಿ ಫೋನು ಇಸಿದುಕೊಂಡಳು. ಹಿರಿಯ ಜೀವ, ಆಸೆಪಡಲಿ ಎಂದು ಕೊಟ್ಟೆ. ನಮ್ಮ ಪಾಳಿ ಬಂತು. ಕಂಪ್ಯೂಟರಿನವನು ಆಧಾರ್ ನಂಬರು ಒತ್ತಿದ. ಫೋನು ಟಿಣ್ ಎಂದಿತು. ಸದ್ದು ಕೇಳಿದ್ದೇ ತಡ, ಆಯಿ ಫೋನನ್ನು ಎಲಿ ಅಡಕಿ ಚೀಲದೊಳಗೆ ತುರುಕಿ, ಅದರ ಬಾಯಿ ಬಿಗಿದು, ಸೊಂಟಕ್ಕೆ ಸಿಗಿಸಿ ಸೆರಗು ಹೊದ್ದುಕೊಂಡಳು.

"ಆಯಿ, ಒಟಿಪಿ ಬಂತಲ್ರಿ, ಹೇಳ್ರಿ" ಎಂದ ಅವನು.

"ಹೇಳಂಗಿಲ್ಲ."

"ನಾನು ಸರ್ಕಾರದ ಕೆಲಸಾನ ಮಾಡಾಕತ್ತೇನ್ರಿ."

"ನೀ ಹಂಗ ಅಂತೀ ಅಂತ ಮೊದಲ ಹೇಳ್ಯಾರ."

"ಹೇಳದಿದ್ರ ನಿಮ್ಮ ಪಿಂಚಣಿ ಬಂದ್ ಆಕ್ಕೈತ್ರಿ!"

ಆಯಿ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. "ನೋಡ್ದೀ? ಸಾಹೇಬ್ರು ಹೇಳಿದ್ದ ಹೇಳಾಕತ್ತಾನ."

ನಾನು ಕೈ ಮುಗಿದೆ, ಗದ್ದ ಹಿಡಿದೆ. "ಇಂವಾ ಕಳ್ಳಲ್ಲ ಆಯಿ, ಇಂವಾ ಖರೇನ ಸರ್ಕಾರದಾಂವ!"

"ಕಳ್ಳನ ಗುರ್ತು ನಿನಗ ಹತ್ತಿದ್ರ ಇಷ್ಟೆಲ್ಲಾ ಯಾಕ ಆಗ್ತಿತ್ತು? ನೀ ಸುಮ್ಕಿರು."

ಅಷ್ಟರಲ್ಲಿ ಒಟಿಪಿಯ ಸಮಯ ಮುಗಿಯಿತು. ಅವನು ಮತ್ತೆ ಕಳಿಸಿದ. ಚೀಲದೊಳಗೆ ಟಿಣ್ ಎಂದಿತು. ಆಯಿ ಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡಳು. ಪಾಳಿಯಲ್ಲಿದ್ದವರೆಲ್ಲ ಬೇಡಿಕೊಂಡರು. ಹೆಂಗಸಿನ ಸೊಂಟದ ಚೀಲಕ್ಕೆ ಕೈ ಹಾಕುವವರು ಯಾರು? ಮೂರನೇ ಸಲವೂ ಟಿಣ್ ಎಂದು, ಮೂರನೆಯದೂ ಹೋಯಿತು. ಕಂಪ್ಯೂಟರಿನವನು ಕೈ ಚೆಲ್ಲಿದ. "ಮೂರು ಸಲ ತಪ್ಪಿತ್ರಿ. ನಾಳಿ ಇಷ್ಟೊತ್ತಿನ ತನಕ ತಗೊಳಂಗಿಲ್ಲ. ತಾರೀಕು ಇವತ್ತಿಗೆ ಮುಗೀತು. ಪಿಂಚಣಿ ಬಂದ್. ಹೊಸದಾಗಿ ಅರ್ಜಿ ಹಾಕ್ರಿ."

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಅಳಬೇಕೋ ಯಾರನ್ನಾದರೂ ಹೊಡೆಯಬೇಕೋ ತಿಳಿಯಲಿಲ್ಲ. ಕೇಳಿದವನಿಗೆ ನಾನು ಕೊಟ್ಟೆ, ಸಿಮ್ ಅಂಗಡಿಯವನು ಕೊಟ್ಟ, ರದ್ದಿಯವನು ತೂಕದ ಮೇಲೆ ಕೊಟ್ಟ. ಇಷ್ಟು ದೊಡ್ಡ ಏರ್ಪಾಟಿನಲ್ಲಿ ಹೇಳಿದ ಕಾಯಿದೆಯನ್ನು ಚಾಚೂ ತಪ್ಪದೆ ಪಾಲಿಸಿದವಳು ಈ ಓದು ಬಾರದ ಮುದುಕಿ ಒಬ್ಬಳೇ. ದಂಡ ಬಿದ್ದದ್ದೂ ಅವಳೊಬ್ಬಳಿಗೇ.

ಆಯಿ ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತು, ಚೀಲ ಬಿಚ್ಚಿ, ಸುಣ್ಣ ಹತ್ತಿದ ಫೋನನ್ನು ಸೆರಗಿನಿಂದ ಒರೆಸಿ ನನ್ನ ಕೈಯಲ್ಲಿಟ್ಟಳು. ಯುದ್ಧ ಗೆದ್ದು ಬಂದವಳ ಮುಖ.

"ಮಾರಿ ಯಾಕ ಸಣ್ಣದ ಮಾಡೀ ತಮ್ಮಾ? ಮೂರು ಸಲ ಕೇಳಿದ ಆ ಕಳ್ಳ ನನ್ನ ಮಗಾ. ಒಂದು ಅಂಕಿ ಬಿಟ್ಟುಕೊಟ್ಟೆನೇನು? ಇದ್ದದ್ದು ಇದ್ದಂಗ ಅದಾವ, ಎಣಿಸ್ಕೋ."